ಹೋಟೆಲಿನ ಮೇಜಿನಿಂದ ಮನೆಯ ಒಲೆಗೆ: ಪರದೇಶದ ರುಚಿಗಳು ಮತ್ತು ನಮ್ಮ ವ್ಯಾಪಾರ

ಪರದೇಶದ ತಿನಿಸು ನಮ್ಮ ಊರಿಗೆ ಬರುವಾಗ ಸಾಮಾನ್ಯವಾಗಿ ಮೊದಲು ಹೋಟೆಲನ್ನು ಪ್ರವೇಶಿಸುತ್ತದೆ. ಹುಟ್ಟುಹಬ್ಬಕ್ಕೋ ಭಾನುವಾರದ ರಜೆಗೋ ಹೊರಗೆ ಊಟಕ್ಕೆ ಹೋದ ಕುಟುಂಬವು ನೂಡಲ್ಸ್, ಪಿಜ್ಜಾ, ಪಾಸ್ತಾಗಳನ್ನು ಸವಿದು ಬರುತ್ತದೆ. ಕೆಲವೇ ದಿನಗಳಲ್ಲಿ ಮಕ್ಕಳು ಅದನ್ನೇ ಮನೆಯಲ್ಲಿ ಮಾಡಿಕೊಡುವಂತೆ ಹಟ ಹಿಡಿಯುತ್ತಾರೆ. ಆಗ ಮನೆಯವರು ಕಿರಾಣಿ ಅಂಗಡಿಗೆ ಬಂದು ಸಾಸಿನ ಬಾಟಲಿಯನ್ನು ವಿಚಾರಿಸುತ್ತಾರೆ. ಹೋಟೆಲಿನ ಮೇಜಿಗೂ ಮನೆಯ ಒಲೆಗೂ ನಡುವೆ ಇರುವ ಈ ಹಾದಿಯಲ್ಲಿಯೇ ವರ್ತಕರಿಗೂ ಸಣ್ಣ ತಯಾರಕರಿಗೂ ವ್ಯಾಪಾರವಿದೆ. ಆದರೆ ಈ ಹಾದಿಯಲ್ಲಿ ವಿಶ್ವಾಸ ಕಳೆದುಕೊಂಡವರು ಎರಡೂ ಕಡೆಯ ಗಿರಾಕಿಗಳನ್ನು ಕಳೆದುಕೊಳ್ಳುತ್ತಾರೆ. ಮೂರು ನಿದರ್ಶನಗಳ ಮೂಲಕ ಇದನ್ನು ಪರಿಶೀಲಿಸೋಣ.

ಸೋಯಾ ಸಾಸ್: ಗಿರಾಕಿಯ ಅಡುಗೆಗೆ ಹೊಂದಿಕೊಂಡ ಸರಕು

ಜಪಾನಿನ ಕಿಕ್ಕೋಮನ್ ಸಂಸ್ಥೆಯು 1957ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ತನ್ನ ಮಾರಾಟ ಕಂಪನಿಯನ್ನು ಸ್ಥಾಪಿಸಿತು. ಆವರೆಗೆ ಅಲ್ಲಿ ಈ ಸಾಸಿನ ಗಿರಾಕಿಗಳು ಬಹುಮಟ್ಟಿಗೆ ಏಷ್ಯಾ ಮೂಲದವರೇ ಆಗಿದ್ದರು. ಅಮೆರಿಕನ್ನರಿಗೆ ಮೊದಲು ಜಪಾನಿ ಅಡುಗೆಯನ್ನು ಕಲಿಸಿ, ಬಳಿಕ ಸಾಸನ್ನು ಮಾರುವುದು ದೀರ್ಘಕಾಲದ ಕೆಲಸ. ಆದ್ದರಿಂದ ಸಂಸ್ಥೆಯು ಬೇರೊಂದು ಮಾರ್ಗವನ್ನು ಹಿಡಿಯಿತು. ಅಮೆರಿಕನ್ನರಿಗೆ ಬಳಕೆಯಿದ್ದ ಮಾಂಸವನ್ನೇ ಸೋಯಾ ಸಾಸಿನಲ್ಲಿ ನೆನೆಸಿ, ಸೂಪರ್ ಮಾರ್ಕೆಟ್ಟುಗಳಲ್ಲಿ ಅವರೆದುರಿಗೇ ಬೇಯಿಸಿ ರುಚಿ ತೋರಿಸಿತು. ಅಲ್ಲಿಯ ಪದಾರ್ಥಗಳಿಂದಲೇ ಮಾಡಬಹುದಾದ ಅಡುಗೆಯ ವಿಧಾನಗಳನ್ನು ರೂಪಿಸಿ ಪ್ರಚಾರ ಮಾಡಿತು. ಬೇಡಿಕೆ ಬೆಳೆದಂತೆ 1973ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವಾಲ್ವರ್ತ್‌ನಲ್ಲಿ ಕಾರ್ಖಾನೆಯನ್ನು ತೆರೆಯಿತು. ಸಾಸಿಗೆ ಬೇಕಾದ ಸೋಯಾ ಮತ್ತು ಗೋಧಿ ಅಮೆರಿಕದಲ್ಲಿಯೇ ಹೇರಳವಾಗಿ ದೊರೆಯುತ್ತಿದ್ದುದರಿಂದ ಸಾಗಣೆಯ ವೆಚ್ಚವೂ ಉಳಿಯಿತು.

ಹೊಸ ರುಚಿಯನ್ನು ಗಿರಾಕಿಯ ನಿತ್ಯದ ಅಡುಗೆಯೊಳಗೆ ಸೇರಿಸಿದಾಗ ಮಾತ್ರ ಅದು ಹಬ್ಬದ ಸರಕಾಗಿ ಉಳಿಯದೆ ತಿಂಗಳ ಸಾಮಾನಿನ ಚೀಟಿಗೆ ಸೇರುತ್ತದೆ ಎಂಬುದು ಇಲ್ಲಿಯ ಪಾಠ.

ಮಿಡಿಸೌತೆ: ನಾವು ಬೆಳೆದು ಪರರು ಉಣ್ಣುವ ಬೆಳೆ

ಎರಡನೆಯ ನಿದರ್ಶನ ನಮ್ಮ ರಾಜ್ಯದ್ದೇ. ಗರ್ಕಿನ್ ಎಂದು ಕರೆಯಲಾಗುವ ಮಿಡಿಸೌತೆಯ ಕೃಷಿ ಮತ್ತು ರಫ್ತು 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣ ಪ್ರಮಾಣದಲ್ಲಿ ಮೊದಲಾಗಿ, ನೆರೆಯ ರಾಜ್ಯಗಳಿಗೂ ಹಬ್ಬಿತು. ಬಹುಪಾಲು ಬೆಳೆ ಕಂಪನಿ ಮತ್ತು ಸಣ್ಣ ರೈತರ ನಡುವಣ ಒಪ್ಪಂದದ ಮೇರೆಗೆ ನಡೆಯುತ್ತದೆ. 2020-21ರಲ್ಲಿ ಭಾರತದಿಂದ ಸುಮಾರು 2.23 ಲಕ್ಷ ಟನ್ ಸೌತೆ ಮತ್ತು ಗರ್ಕಿನ್ ರಫ್ತಾಗಿ, 22.3 ಕೋಟಿ ಡಾಲರ್ ಮೌಲ್ಯದ ವ್ಯವಹಾರ ನಡೆಯಿತು. ಪಶ್ಚಿಮ ದೇಶಗಳಲ್ಲಿ ಬರ್ಗರ್ ಹಾಗೂ ಸ್ಯಾಂಡ್‌ವಿಚ್‌ಗಳ ಜೊತೆಗೆ ಉಪ್ಪಿನಕಾಯಿಯಂತೆ ಬಳಕೆಯಾಗುವ ಈ ಕಾಯಿಯನ್ನು ಬೆಳೆಗಾರರ ಮನೆಗಳಲ್ಲಿ ತಿನ್ನುವ ರೂಢಿ ಇಲ್ಲ.

ಈ ಸರಕು ಎರಡು ರೂಪಗಳಲ್ಲಿ ಹೊರಡುತ್ತದೆ: ದೊಡ್ಡ ಡ್ರಮ್ಮುಗಳಲ್ಲಿ ಸಗಟಾಗಿ ಮತ್ತು ಗಾಜಿನ ಜಾಡಿಗಳಲ್ಲಿ ತಿನ್ನಲು ಸಿದ್ಧವಾಗಿ. ಡ್ರಮ್ಮಿನ ಸರಕನ್ನು ಕೊಂಡವರು ಅದನ್ನು ಮತ್ತೆ ಸಂಸ್ಕರಿಸಿ ತಮ್ಮ ಹೆಸರಿನಲ್ಲಿ ಮಾರಬಹುದು. ಆಗ ಹೆಚ್ಚುವರಿ ಮೌಲ್ಯ ಅವರ ಪಾಲಾಗುತ್ತದೆ. ಜಾಡಿಯನ್ನು ಇಲ್ಲಿಯೇ ತುಂಬಿದರೆ ಆ ಮೌಲ್ಯದ ಒಂದಂಶ ಇಲ್ಲಿ ಉಳಿಯುತ್ತದೆ; ಅದರೊಂದಿಗೆ ಗುಣಮಟ್ಟದ ಹೊಣೆಯೂ ಹೆಚ್ಚುತ್ತದೆ.

ಗೋಬಿ ಮಂಚೂರಿ: ಬಣ್ಣ ತಂದ ಸಂಕಟ

1975ರ ಸುಮಾರಿಗೆ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಚಿಕನ್ ಮಂಚೂರಿಯನ್ ಖಾದ್ಯವನ್ನು ರೂಪಿಸಿದರೆಂಬುದು ಪ್ರಸಿದ್ಧ ಸಂಗತಿ. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ನಮ್ಮವು. ಗರಂ ಮಸಾಲೆಯ ಸ್ಥಾನದಲ್ಲಿ ಬಂದ ಸೋಯಾ ಸಾಸ್ ಚೀನೀಯರದು. ಸಸ್ಯಾಹಾರಿಗಳಿಗಾಗಿ ಹೂಕೋಸಿನಿಂದ ತಯಾರಾದ ಅದರ ರೂಪವು ನಮ್ಮ ಊರೂರಿನ ತಳ್ಳುಗಾಡಿಗಳನ್ನು ತಲುಪಿತು. ಅದರೊಡನೆ ಸಾಸ್ ಹಾಗೂ ಮೆಕ್ಕೆಜೋಳದ ಹಿಟ್ಟಿನ ವ್ಯಾಪಾರವೂ ಬೆಳೆಯಿತು.

ಆದರೆ 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳು ಕಂಡುಬಂದಿದ್ದವು. ಉಲ್ಲಂಘಿಸಿದವರಿಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂದು ಪ್ರಕಟಿಸಲಾಯಿತು. ಉಳಿದ 64 ಮಾದರಿಗಳನ್ನು ಶುದ್ಧವಾಗಿ ತಯಾರಿಸಿದವರೂ ಗಿರಾಕಿಯ ಸಂಶಯಕ್ಕೆ ಗುರಿಯಾಗಬೇಕಾಯಿತೆಂಬುದನ್ನು ಮರೆಯಬಾರದು. ಕೆಲವರು ಮಾಡಿದ ತಪ್ಪಿಗೆ ಇಡೀ ಕಸುಬು ಬೆಲೆ ತೆರುತ್ತದೆ.

ಕೆಂಪು ಬಣ್ಣಕ್ಕೆ ಉತ್ತರ ನಮ್ಮ ಹಾವೇರಿ ಜಿಲ್ಲೆಯಲ್ಲಿಯೇ ಇದೆ. ಕಡುಗೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ರಾಸಾಯನಿಕ ಬಣ್ಣದಷ್ಟು ಅಗ್ಗವಲ್ಲ, ಅಷ್ಟು ಢಾಳಾಗಿಯೂ ಕಾಣದು. ಆದರೆ ತಯಾರಕನು ನಿಶ್ಚಿಂತೆಯಿಂದ ಮಾರಬಹುದು.

ಸಣ್ಣ ತಯಾರಕರು ಗಮನಿಸಬೇಕಾದ ಅಂಶಗಳು

1. ಹೋಟೆಲಿಗೂ ಮನೆಗೂ ಬೇಕಾದ ಸರಕು ಒಂದೇ ಅಲ್ಲ. ಹೋಟೆಲಿಗೆ ದಿನವೂ ಒಂದೇ ರುಚಿ, ದೊಡ್ಡ ಡಬ್ಬಿ ಮತ್ತು ತಟ್ಟೆಯೊಂದಕ್ಕೆ ತಗಲುವ ವೆಚ್ಚದ ಲೆಕ್ಕ ಮುಖ್ಯ. ಮನೆಗೆ ಸಣ್ಣ ಬಾಟಲಿ, ಬಳಸುವ ವಿಧಾನ ಹಾಗೂ ತೆರೆದ ಮೇಲೆ ಎಷ್ಟು ದಿನ ಇಡಬಹುದೆಂಬ ಸೂಚನೆ ಬೇಕು.

2. ಮನೆಯ ಒಲೆಯಲ್ಲಿ ಪರೀಕ್ಷಿಸಿರಿ. ಹೋಟೆಲಿನ ಒಲೆಯ ಉರಿ ಮನೆಯ ಗ್ಯಾಸಿಗಿಲ್ಲ. ಅಲ್ಲಿ ಗರಿಗರಿಯಾಗುವ ಹೂಕೋಸು ಇಲ್ಲಿ ನೀರು ಬಿಟ್ಟು ಮೆತ್ತಗಾಗಬಹುದು. ಹಿಟ್ಟಿನ ಮಿಶ್ರಣವನ್ನು ಮನೆಯ ಉರಿಗೆ ತಕ್ಕಂತೆ ಸಿದ್ಧಪಡಿಸಬೇಕು.

3. ಅಡುಗೆಯ ವಿಧಾನವನ್ನು ಕನ್ನಡದಲ್ಲಿ ಮುದ್ರಿಸಿ, ಸಂತೆಯಲ್ಲಿ ಸಿಗುವ ತರಕಾರಿಗಳನ್ನೇ ಸೂಚಿಸಿರಿ. ಈರುಳ್ಳಿ ಬೆಳ್ಳುಳ್ಳಿ ಬಳಸದ ಮನೆಗಳನ್ನೂ ಗಮನದಲ್ಲಿಟ್ಟುಕೊಳ್ಳಿರಿ.

4. ಚೀಟಿಯಲ್ಲಿ ಎಲ್ಲ ಘಟಕಗಳನ್ನು ನಮೂದಿಸಿರಿ. ಸೋಯಾ, ಗೋಧಿ, ನೆಲಗಡಲೆಗಳು ಕೆಲವರಿಗೆ ಅಲರ್ಜಿಯನ್ನು ತರುವುದರಿಂದ ಅವನ್ನು ಘೋಷಿಸುವುದು ಕಡ್ಡಾಯ.

5. ಕೊಂಡ ಬಣ್ಣ, ಮಸಾಲೆಗಳ ಬಿಲ್ಲುಗಳನ್ನೂ ಪರೀಕ್ಷಾ ವರದಿಗಳನ್ನೂ ಕಾಪಾಡಿರಿ. ಸಂಶಯ ಬಂದ ದಿನ ಬಾಯಿಮಾತಿಗೆ ಬೆಲೆಯಿರುವುದಿಲ್ಲ.

ಹೊರಗೆ ಉಂಡು ಸಂತೋಷಪಟ್ಟವರು ಅದೇ ಸಂತೋಷವನ್ನು ಮನೆಯಲ್ಲಿಯೂ ಬಯಸುವುದು ಸಹಜ. ಅದನ್ನು ಬಾಟಲಿಯಲ್ಲಿಟ್ಟು ಮಾರುವವನು ಆ ಮನೆಯ ಮಕ್ಕಳ ತಟ್ಟೆಗೆ ತಾನೇ ಬಡಿಸುತ್ತಿದ್ದೇನೆಂಬ ಅರಿವಿನಿಂದ ನಡೆದರೆ, ಗಿರಾಕಿ ಮತ್ತೆ ಅದೇ ಬಾಟಲಿಯನ್ನು ಕೇಳಿಕೊಂಡು ಬರುತ್ತಾನೆ.