ಮನೆಯಲ್ಲೇ ಪಿಸಿಬಿ: ಸಾಮಗ್ರಿ ಕೊಳ್ಳುವ ಮುನ್ನ ಹತ್ತು ಮಾತು

ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡಲು ಹೊರಟವರು ಸಾಮಾನ್ಯವಾಗಿ ಕೇಳುವುದು ಇಸ್ತ್ರಿ ಪೆಟ್ಟಿಗೆ ಎಷ್ಟು ಹೊತ್ತು ಒತ್ತಬೇಕು, ಎಚ್ಚಿಂಗ್ (ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸುವುದು) ಎಷ್ಟು ನಿಮಿಷ ಎಂದು. ಕೆಲಸದ ಅರ್ಧ ಹಣೆಬರಹ ಅದಕ್ಕೂ ಮೊದಲು, ಅಂಗಡಿಯ ಕಟ್ಟೆಯ ಮುಂದೆಯೇ ತೀರ್ಮಾನವಾಗಿರುತ್ತದೆ. ನೀವು ಕೊಂಡ ಬೋರ್ಡಿಗೆ ತಕ್ಕ ಡ್ರಿಲ್ ಬಿಟ್ ಬೇಕು, ಅದರ ತಾಮ್ರದ ದಪ್ಪಕ್ಕೆ ತಕ್ಕ ಟ್ರ್ಯಾಕ್ ಬೇಕು. ಆದ್ದರಿಂದ ಬೋರ್ಡಿನಿಂದಲೇ ಶುರು ಮಾಡೋಣ.

1. ಬೋರ್ಡ್ ಯಾವುದೆಂದು ಮೊದಲು ಗೊತ್ತು ಮಾಡಿಕೊಳ್ಳಿ.
ಅಂಗಡಿಗಳಲ್ಲಿ ಮುಖ್ಯವಾಗಿ ಸಿಗುವುದು ಎರಡು ಬಗೆ. ಕಂದು ಬಣ್ಣದ್ದು ಪೇಪರ್ ಫೀನಾಲಿಕ್, ಅಂದರೆ ಎಫ್‌ಆರ್-2: ಕಾಗದದ ಪದರಗಳಿಗೆ ಫೀನಾಲಿಕ್ ರಾಳ ಕುಡಿಸಿ ಒತ್ತಿ ಮಾಡಿದ್ದು. ಹಸಿರು ಮಿಶ್ರಿತ ತೆಳು ಹಳದಿ ಬಣ್ಣದ್ದು ಗ್ಲಾಸ್ ಎಪಾಕ್ಸಿ, ಎಫ್‌ಆರ್-4: ಗಾಜಿನ ಎಳೆಯ ಬಟ್ಟೆಗೆ ಎಪಾಕ್ಸಿ ಕುಡಿಸಿದ್ದು. ಸಂಶಯ ಬಂದರೆ ಕತ್ತರಿಸಿದ ಅಂಚನ್ನೂ ತಾಮ್ರವಿಲ್ಲದ ಮೈಯನ್ನೂ ಬೆಳಕಿಗೆ ಹಿಡಿದು ನೋಡಿ. ಗ್ಲಾಸ್ ಎಪಾಕ್ಸಿಯಲ್ಲಿ ನೇಯ್ಗೆ ಕಾಣುತ್ತದೆ.

ಫೀನಾಲಿಕ್ ಅಗ್ಗ. ಹ್ಯಾಕ್ಸಾ ಬ್ಲೇಡಿಗೂ ಸಾಧಾರಣ ಡ್ರಿಲ್ ಬಿಟ್ಟಿಗೂ ಸುಲಭವಾಗಿ ಮಣಿಯುತ್ತದೆ. ಆದರೆ ಕಾದ ಸೋಲ್ಡರಿಂಗ್ ಐರನ್ ತುಸು ಹೆಚ್ಚು ಹೊತ್ತು ನಿಂತರೂ ತಾಮ್ರದ ಪ್ಯಾಡ್ ಎದ್ದು ಬರುತ್ತದೆ, ಬೋರ್ಡ್ ತೇವವನ್ನೂ ಹೀರುತ್ತದೆ. ಗ್ಲಾಸ್ ಎಪಾಕ್ಸಿ ಗಟ್ಟಿ. ಬಿಡಿಭಾಗವನ್ನು ತೆಗೆದು ಮತ್ತೆ ಹಾಕಿದರೂ ಪ್ಯಾಡ್ ಹಿಡಿದುಕೊಂಡಿರುತ್ತದೆ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಕರಾವಳಿ, ಮಲೆನಾಡಿನ ಮನೆಗಳಿಗೆ, ತೋಟದ ಪಂಪ್‌ಶೆಡ್ಡಿಗೆ ಇದೇ ಸರಿ. ನನ್ನ ಸಲಹೆ ಇಷ್ಟು: ಕಲಿಯಲು ಫೀನಾಲಿಕ್, ವರ್ಷಗಟ್ಟಲೆ ದುಡಿಯಬೇಕಾದ ಬೋರ್ಡಿಗೆ ಗ್ಲಾಸ್ ಎಪಾಕ್ಸಿ.

2. ಡ್ರಿಲ್ ಬಿಟ್ ಇಲ್ಲದೆ ಬೋರ್ಡ್ ಕೊಳ್ಳಬೇಡಿ.
ಗ್ಲಾಸ್ ಎಪಾಕ್ಸಿಯಲ್ಲಿರುವ ಗಾಜು ಸಾಧಾರಣ ಎಚ್‌ಎಸ್‌ಎಸ್ ಬಿಟ್ಟಿನ ಮೊನೆಯನ್ನು ಬೇಗ ತಿಂದುಹಾಕುತ್ತದೆ. ಮೊನೆ ಹೋದ ಬಿಟ್ ಕೊರೆಯುವುದಿಲ್ಲ, ಪ್ಯಾಡನ್ನು ಕೀಳುತ್ತದೆ. ಅದಕ್ಕೆ ಕಾರ್ಬೈಡ್ ಬಿಟ್ ಬೇಕು. ಕಾರ್ಬೈಡ್ ಬಹಳ ಗಡುಸು, ಅಷ್ಟೇ ಪೆಡಸು. ಕೈ ತುಸು ವಾಲಿದರೂ ಮುರಿಯುತ್ತದೆ. ಹಾಗಾಗಿ ಜೊತೆಗೆ ಡ್ರಿಲ್ ಸ್ಟ್ಯಾಂಡ್ ಕೂಡ ಬೇಕಾಗುತ್ತದೆ. ಸ್ಟ್ಯಾಂಡ್ ಇಲ್ಲದವರು ಫೀನಾಲಿಕ್ ಬೋರ್ಡ್, ಎಚ್‌ಎಸ್‌ಎಸ್ ಬಿಟ್ ಜೋಡಿಯಲ್ಲೇ ಇರಿ. ಐಸಿ, ಚಿಕ್ಕ ರೆಸಿಸ್ಟರುಗಳಿಗೆ 0.8 ಮಿ.ಮೀ., 1ಎನ್4007 ಡಯೋಡ್ ಮತ್ತು ಪಿನ್ ಹೆಡರ್‌ಗಳಿಗೆ 1 ಮಿ.ಮೀ. ಬಿಟ್ ಇದ್ದರೆ ಬಹುಪಾಲು ಕೆಲಸ ಸಾಗುತ್ತದೆ.

ಗಾಜಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಕತ್ತರಿಸುವಾಗ, ಉಜ್ಜುವಾಗ ಬೋರ್ಡನ್ನು ಒದ್ದೆ ಮಾಡಿಕೊಳ್ಳಿ. ಮಾಸ್ಕ್, ಕನ್ನಡಕ ತಪ್ಪಿಸಬೇಡಿ.

3. ತಾಮ್ರ 35 ಮೈಕ್ರಾನ್ ಸಾಕು.
ಅಂಗಡಿಯವರು ಒಂದು ಔನ್ಸ್ ಎನ್ನುವುದು ಇದನ್ನೇ. 1 ಮಿ.ಮೀ. ಅಗಲದ ಟ್ರ್ಯಾಕ್ ಇದರಲ್ಲಿ ಸುಮಾರು 2 ಆಂಪಿಯರನ್ನು ಹೆಚ್ಚು ಬಿಸಿಯಾಗದೆ ಸಾಗಿಸುತ್ತದೆ. 70 ಮೈಕ್ರಾನ್ ಇನ್ನೂ ಒಳ್ಳೆಯದಿರಬೇಕು ಎಂಬ ಆಸೆ ಬೇಡ. ದಪ್ಪ ತಾಮ್ರ ಕರಗಲು ಹೊತ್ತು ಬೇಕು. ಆ ಹೊತ್ತಿನಲ್ಲಿ ದ್ರಾವಣ ಕೆಳಗಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುತ್ತಾ ಟ್ರ್ಯಾಕ್ ಸಣಕಲಾಗುತ್ತದೆ. ಹೆಚ್ಚು ಕರೆಂಟ್ ಬೇಕೆಂದರೆ ಟ್ರ್ಯಾಕನ್ನೇ ಅಗಲ ಮಾಡಿ.

4. ದಪ್ಪ 1.6 ಮಿ.ಮೀ., ಒಂದೇ ಬದಿಯ ತಾಮ್ರ.
ಎರಡು ಬದಿಯ ಬೋರ್ಡಿನಲ್ಲಿ ಮೇಲಿನ ಚಿತ್ರ, ಕೆಳಗಿನ ಚಿತ್ರ ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಒಂದು ಬದಿಯ ಬೋರ್ಡಿನಲ್ಲಿ ನಾಲ್ಕಾರು ಜಂಪರ್ ತಂತಿ ಹಾಕುವುದು ಎಷ್ಟೋ ವಾಸಿ.

5. ಟ್ರ್ಯಾಕುಗಳ ಚಿತ್ರಕ್ಕೆ ಲೇಸರ್ ಪ್ರಿಂಟ್ ಮಾತ್ರ.
ಟೋನರ್ ಎಂದರೆ ಪ್ಲಾಸ್ಟಿಕ್ಕಿನ ನುಣ್ಣನೆ ಪುಡಿ. ಇಸ್ತ್ರಿಯ ಶಾಖಕ್ಕೆ ಕರಗಿ ತಾಮ್ರಕ್ಕೆ ಅಂಟುತ್ತದೆ, ಎಚ್ಚಿಂಗ್ ದ್ರಾವಣವನ್ನು ತಡೆಯುತ್ತದೆ. ಇಂಕ್‌ಜೆಟ್ ಶಾಯಿಗೆ ಈ ಗುಣವಿಲ್ಲ. ಕಾಗದಕ್ಕೆ ಹೊಳಪಿನ ತೆಳು ಮ್ಯಾಗಜೀನ್ ಹಾಳೆ ಚೆನ್ನಾಗಿ ಒದಗುತ್ತದೆ: ಅದರ ಮೇಲಿನ ಬಿಳಿಜೇಡಿಯಂಥ ಲೇಪ ನೀರಿನಲ್ಲಿ ಮೆತ್ತಗಾಗಿ ಕಾಗದ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಲೇಪದ ಇಂಕ್‌ಜೆಟ್ ಫೋಟೋ ಪೇಪರನ್ನು ಲೇಸರ್ ಪ್ರಿಂಟರಿಗೆ ಹಾಕಲೇಬೇಡಿ; ಲೇಪ ಒಳಗೆ ಕರಗಿ ಪ್ರಿಂಟರ್ ಕೆಡುತ್ತದೆ. ಇಸ್ತ್ರಿಯಲ್ಲಿ ಸ್ಟೀಮ್ ಆಫ್ ಇರಲಿ. ಅಲ್ಲಲ್ಲಿ ಬಿಟ್ಟುಹೋದ ಟ್ರ್ಯಾಕ್ ತಿದ್ದಲು ಒಂದು ಪರ್ಮನೆಂಟ್ ಮಾರ್ಕರ್ ಇಟ್ಟುಕೊಳ್ಳಿ.

6. ಇಸ್ತ್ರಿಗೆ ಮುನ್ನ ತಾಮ್ರ ಉಜ್ಜಲು ಜಿಪುಣತನ ಬೇಡ.
ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಸ್ವಲ್ಪ ಸೋಪಿನ ಪುಡಿ, ಇಷ್ಟೇ ಸಾಮಗ್ರಿ. ಬೋರ್ಡಿನ ಮೇಲೆ ನೀರು ಹನಿಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ. ಒಂದೇ ಪೊರೆಯಾಗಿ ಹರಡಿದರೆ ಶುದ್ಧವಾಗಿದೆ. ಆಮೇಲೆ ತಾಮ್ರಕ್ಕೆ ಬೆರಳು ತಾಗಿಸಬೇಡಿ.

7. ಎಚ್ಚಿಂಗ್‌ಗೆ ಫೆರಿಕ್ ಕ್ಲೋರೈಡ್.
ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ವಿಧಾನ ಚುರುಕಾದದ್ದೇ. ಆದರೆ ಕ್ಲೋರಿನ್ ಅನಿಲ ಹೊರಡುವ ಆ ಕೆಲಸವನ್ನು ಮನೆಯೊಳಗೆ ಮಾಡಬಾರದು ಎಂದು ಖಂಡಿತವಾಗಿ ಹೇಳುತ್ತೇನೆ. ಫೆರಿಕ್ ಕ್ಲೋರೈಡ್ ನಿಧಾನ, ಕಲೆ ಮಾಡುತ್ತದೆ, ಆದರೆ ಹೇಳಿದಂತೆ ಕೇಳುತ್ತದೆ. ಹಳದಿ ಮಿಶ್ರಿತ ಕಂದು ಹೆಂಟೆಯ ರೂಪದ್ದನ್ನು ಕೇಳಿ ತನ್ನಿ. ನೀರಿನಂಶವಿಲ್ಲದ ಕಪ್ಪು ಪುಡಿ ಕರಗುವಾಗ ವಿಪರೀತ ಕಾಯುತ್ತದೆ. ಯಾವುದೇ ಇರಲಿ, ನೀರಿಗೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಅದರ ಮೇಲೆ ನೀರು ಸುರಿಯಬೇಡಿ. ಲೀಟರಿಗೆ 400ರಿಂದ 500 ಗ್ರಾಂ ಸಾಕು.

ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಇಕ್ಕಳವೂ ಹಾಗೆಯೇ. ಸ್ಟೀಲು, ಅಲ್ಯೂಮಿನಿಯಂ ಎರಡನ್ನೂ ಈ ದ್ರಾವಣ ತಿನ್ನುತ್ತದೆ. ಡಬ್ಬಿಯನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು 40-45 ಡಿಗ್ರಿ ಸೆಲ್ಸಿಯಸ್‌ಗೆ ತಂದು ಮೆಲ್ಲಗೆ ಅಲುಗಾಡಿಸುತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಆ ಡಬ್ಬಿ ಮತ್ತೆಂದೂ ಅಡುಗೆಮನೆಗೆ ಹೋಗಬಾರದು.

8. ಸೋಲ್ಡರ್ 63/37, ಫ್ಲಕ್ಸ್ ರೋಸಿನ್.
ತವರ 63, ಸೀಸ 37 ಪಾಲಿನ ಈ ಮಿಶ್ರಲೋಹ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ. ಸೀಸವಿಲ್ಲದ್ದಕ್ಕೆ ಹೆಚ್ಚು ಶಾಖ ಬೇಕು. ಫೀನಾಲಿಕ್ ಪ್ಯಾಡ್ ಅದನ್ನು ತಾಳುವುದು ಕಷ್ಟ. ಸೀಸ ವಿಷ, ಕೆಲಸ ಮುಗಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ. ತಗಡಿನ ಕೆಲಸಕ್ಕೆ ಬಳಸುವ ಆಮ್ಲದ ಫ್ಲಕ್ಸ್ ತಂತಿಗಳನ್ನು ತಿನ್ನುತ್ತದೆ, ಬೇಡ. ಬರಿ ತಾಮ್ರ ತೇವಕ್ಕೆ ಹಸಿರುಗಟ್ಟದಂತೆ ಟ್ರ್ಯಾಕುಗಳಿಗೆ ತೆಳುವಾಗಿ ಸೋಲ್ಡರ್ ಸವರಿ, ಅಥವಾ ಕೊನೆಗೆ ಪಾರದರ್ಶಕ ಲ್ಯಾಕರ್ ಹೊಡೆಯಿರಿ.

9. 230 ವೋಲ್ಟಿಗೆ ಮನೆಯ ಬೋರ್ಡ್ ಬೇಡ.
ಹೊಸಬರು ಅಡಾಪ್ಟರಿನ 5 ಅಥವಾ 12 ವೋಲ್ಟಿನಲ್ಲೇ ಕಲಿಯಿರಿ.

10. ಉಳಿದ ದ್ರಾವಣವನ್ನು ಮೋರಿಗೆ ಚೆಲ್ಲಬೇಡಿ.
ಅದರಲ್ಲಿ ಕರಗಿದ ತಾಮ್ರವಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಶಿಲೀಂಧ್ರವನ್ನು ಕೊಲ್ಲುವುದೂ ತಾಮ್ರವೇ. ಕೆರೆ ಸೇರಿದರೆ ಮೀನಿಗೂ ಅದು ವಿಷ. ದ್ರಾವಣ ಕೆಲಸ ನಿಲ್ಲಿಸುವವರೆಗೆ ಮತ್ತೆ ಮತ್ತೆ ಬಳಸಿ. ಆಮೇಲೆ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾವನ್ನು ಚೂರುಚೂರೇ ಹಾಕಿ, ನೊರೆ ಏಳುವುದು ನಿಂತ ಮೇಲೆ ಒಂದು ರಾತ್ರಿ ಬಿಡಿ. ಲೋಹ ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರನ್ನು ಒಣಗಿಸಿ, ಕಟ್ಟಿ, ಹೆಸರು ಬರೆದು, ಅಪಾಯಕಾರಿ ಕಸವೆಂದು ಬೇರೆಯಾಗಿಯೇ ಕೊಡಿ. ಇಷ್ಟಕ್ಕೆ ವ್ಯವಧಾನವಿಲ್ಲದಿದ್ದರೆ ಫೆರಿಕ್ ಕ್ಲೋರೈಡ್ ಕೊಳ್ಳಲೇಬೇಡಿ. ಚಿತ್ರವನ್ನು ಪಿಸಿಬಿ ತಯಾರಕರಿಗೆ ಕಳಿಸಿ ಮಾಡಿಸಿಕೊಳ್ಳಿ.