ಬದುವಿನ ಗಿಡಕ್ಕೆ ಉದ್ಯಾನವೇಕೆ?

ಪ್ರಶ್ನೆ: ನಾನು ಅಡತಿ ಅಂಗಡಿಯಲ್ಲಿ ಕೆಲಸ ಮಾಡುವವನು. ಬೀದರಿನ ದೇವ ದೇವ ವನದಲ್ಲಿ ಔಷಧಿ ಗಿಡಗಳನ್ನು ಬೆಳೆಸಿದ್ದಾರೆ. ಕಕ್ಕೆ, ಬೇವು ಹೊಲದ ಬದುವಿನಲ್ಲೇ ಇರುವಾಗ ಇಂಥ ಗಿಡಗಳನ್ನು ಸಸ್ಯೋದ್ಯಾನದಲ್ಲಿ ಕಾಪಾಡುವುದೇಕೆ? ಅಲ್ಲಿ ಸಂಶೋಧನೆ ಎಂದರೆ ಏನು ಮಾಡುತ್ತಾರೆ?
— ಓದುಗರೊಬ್ಬರು, ಗಾಂಧಿ ಗಂಜ, ಬೀದರ್

ಉತ್ತರ: ಗಿಡ ಕಣ್ಣಿಗೆ ಬೀಳುತ್ತಿದೆ ಅಂದಮಾತ್ರಕ್ಕೆ ಅದರ ಸಂತತಿ ಮುಂದುವರಿಯುತ್ತಿದೆ ಎಂದೇನಲ್ಲ. ಬದುವಿನ ಮೇಲೆ ಹಳೆಯ ಮರ ನಿಂತಿರುತ್ತದೆ, ಕೆಳಗೆ ಒಂದು ಸಸಿಯೂ ಇರುವುದಿಲ್ಲ. ದನ ಮೇಯ್ದಿರುತ್ತದೆ, ಇಲ್ಲವೇ ಬೆಂಕಿ ತಾಗಿರುತ್ತದೆ. ದೊಡ್ಡ ಮರ ಎಷ್ಟು, ಎಳೆಯ ಸಸಿ ಎಷ್ಟು ಎಂಬ ಲೆಕ್ಕದಿಂದಲೇ ಸಂಶೋಧನೆ ಶುರು.

ಆಮೇಲೆ ಮೊಳಕೆಯ ಮಾತು. ಕಕ್ಕೆಯ ಮೊಳದುದ್ದದ ಕರಿ ಕಾಯಿ ಒಡೆದು ನೋಡಿ. ಒಳಗೆ ನಾಣ್ಯ ಜೋಡಿಸಿಟ್ಟಂತೆ ಬಿಲ್ಲೆಗಳ ಸಾಲು, ಅಂಟಂಟು ತಿರುಳು, ನಡುವೆ ಒಂದೊಂದು ನುಣುಪಾದ ಕಂದು ಬೀಜ. ಹಾಗೇ ಬಿತ್ತಿದರೆ ಬಹುಪಾಲು ಮೊಳೆಯುವುದಿಲ್ಲ. ಸಿಪ್ಪೆ ಎಷ್ಟು ಗಟ್ಟಿಯೆಂದರೆ ನೀರೇ ಒಳಗಿಳಿಯದು. ಸ್ಯಾಂಡ್‌ಪೇಪರಿಗೆ ಒಂದು ಮಗ್ಗುಲು ತಿಕ್ಕಿ ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಉಬ್ಬಿರುತ್ತದೆ. ಬೇವಿನ ಸ್ವಭಾವ ಬೇರೆ: ಹಣ್ಣಾದ ಕೆಲವು ವಾರಗಳಲ್ಲೇ ಬೀಜದ ಕಸುವು ಇಳಿಯತೊಡಗುತ್ತದೆ, ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತೋಣವೆಂದರೆ ಆಗದು. ಶ್ರೀಗಂಧವಂತೂ ಒಂಟಿಯಾಗಿ ಬಾಳುವ ಮರವೇ ಅಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಹಚ್ಚಿ ನೀರು, ಲವಣ ಎಳೆದುಕೊಳ್ಳಬೇಕು. ಅದಕ್ಕೆಂದು ನರ್ಸರಿಯವರು ಅದೇ ಚೀಲದಲ್ಲಿ ಬಿತ್ತುವುದು ಏನು ಗೊತ್ತೇ? ನಿಮ್ಮ ಗಂಜಿಗೆ ಮೂಟೆಗಟ್ಟಲೆ ಬರುವ ತೊಗರಿಯನ್ನೇ! ಯಾರೋ ಪಾತಿಯ ಮುಂದೆ ಕುಳಿತು ಬಿತ್ತಿ, ಎಣಿಸಿ, ಬರೆದಿಟ್ಟಿದ್ದರಿಂದ ಇದೆಲ್ಲ ನಮಗೆ ಗೊತ್ತಾಗಿದೆ.

ಹಾಗೆಂದು ಉದ್ಯಾನದ ನಾಲ್ಕು ಗಿಡಗಳಿಂದ ಒಂದು ಜಾತಿ ಉಳಿಯುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಬರ ತಾಳುವ ಗುಣ ಒಂದು ಮರದಲ್ಲಿದ್ದರೆ ರೋಗ ತಡೆಯುವ ಗುಣ ಇನ್ನೊಂದರಲ್ಲಿ. ಅವೆಲ್ಲ ಕೂಡಿರುವ ಕಾಡೇ ಬೇಕು. ಅದಕ್ಕೇ 1993ರಿಂದ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಗಳ ಜೊತೆಗೂಡಿ ಕರ್ನಾಟಕ, ಕೇರಳ, ತಮಿಳುನಾಡಿನಲ್ಲಿ ಔಷಧಿ ಸಸ್ಯಗಳ ಸಂರಕ್ಷಣೆಗೆ ಕಾಡಿನ ತುಂಡುಗಳನ್ನೇ ಮೀಸಲಿಡಿಸತೊಡಗಿತು. ಆಗುಂಬೆ, ಸಾವನದುರ್ಗದ ಜೊತೆ ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಕರಪಾಕಪಳ್ಳಿಯೂ ಇದೆ. ಮಲೆನಾಡಿನ ಕಾಡಿಗೆ ಸಿಗುವ ಮರ್ಯಾದೆ ನಮ್ಮ ಬಿಸಿಲು ಸೀಮೆಯ ಕಾಡಿಗೂ ಸಿಕ್ಕಿತಲ್ಲ, ನನಗೆ ಅದು ದೊಡ್ಡ ಸಂಗತಿ.

ವ್ಯಾಪಾರದಲ್ಲಿರುವ ನಿಮಗೆ ಇನ್ನೊಂದು ಲೆಕ್ಕ: ದೇಶದಲ್ಲಿ 960 ಜಾತಿಯ ಔಷಧಿ ಸಸ್ಯಗಳು ಮಾರಾಟವಾಗುತ್ತವೆ, ಅವುಗಳಲ್ಲಿ 178 ಜಾತಿಗಳ ವಹಿವಾಟು ವರ್ಷಕ್ಕೆ 100 ಟನ್ ಮೀರುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ಇದರಲ್ಲಿ ಬಹಳಷ್ಟನ್ನು ಯಾರೂ ಬೆಳೆಯುವುದಿಲ್ಲ, ಕಾಡಿನಿಂದ ಕಿತ್ತು ತರುತ್ತಾರೆ.

ಇಂಥ ಉದ್ಯಾನಕ್ಕೆ ನೀವೂ ಬೀಜ ಕೂಡಿಸಿಕೊಡುವ ಮನಸ್ಸಿದ್ದರೆ ಒಂದೇ ಮರದಿಂದ ಆಯಬೇಡಿ, ಹತ್ತಾರು ಮರಗಳಿಂದ ಸ್ವಲ್ಪ ಸ್ವಲ್ಪ ತನ್ನಿ. ಪೊಟ್ಟಣದ ಮೇಲೆ ಊರು, ತಾರೀಖು, ಮಣ್ಣು ಕೆಂಪೋ ಕಪ್ಪೋ, ಆ ಊರಿನವರು ಗಿಡಕ್ಕೆ ಕರೆಯುವ ಹೆಸರು ಇಷ್ಟನ್ನು ಬರೆದಿಡಿ.