ಮಧ್ಯದ ಚೆಂಡು

ಮಂಡ್ಯದಲ್ಲಿ ನಡೆದ, ವೃತ್ತಿಪರ ಟೆನಿಸ್‌ನ ಕೆಳಹಂತದ ಫ್ಯೂಚರ್ಸ್ ಟೂರ್ನಿಯ ಡಬಲ್ಸ್ ಪಂದ್ಯ ಅದು. ಒಂದೊಂದು ಸೆಟ್ ಗೆದ್ದು ಸಮನಾಗಿದ್ದೆವು. ಅಲ್ಲಿ ಮೂರನೇ ಸೆಟ್ ಇಲ್ಲ, ಬದಲಿಗೆ ಹತ್ತು ಪಾಯಿಂಟಿನ ಟೈಬ್ರೇಕ್. 8-8. ನಾವಿಬ್ಬರೂ ನೆಟ್ ಹತ್ತಿರ ಬಂದು ನಿಂತಿದ್ದೆವು. ಎದುರಾಳಿ ಹೊಡೆದ ಚೆಂಡು ನಮ್ಮಿಬ್ಬರ ನಡುವೆ, ಸೊಂಟದೆತ್ತರದಲ್ಲಿ, ಯಾವ ಆತುರವೂ ಇಲ್ಲದೆ ಬಂತು. ಜೊತೆಗಾರ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಚೆಂಡು ನಮ್ಮ ಹಿಂದೆ ಗೆರೆಯೊಳಗೇ ಬಿತ್ತು. ಮುಂದಿನ ಪಾಯಿಂಟೂ ಹೋಯಿತು, ಪಂದ್ಯವೂ ಹೋಯಿತು.

ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡು ಕೂತೆ. ಹುಬ್ಬಳ್ಳಿಯವನಾದ ನನ್ನ ಜೊತೆಗಾರ ಪಕ್ಕಕ್ಕೆ ಬಂದು, ದನಿ ಏರಿಸದೆ ಅಂದ: "ಬಾಯಿ ಬಿಟ್ಟು 'ನಂದು' ಅನ್ನಲೇ ದೋಸ್ತ. ನಿನ್ನ ಮನಸಿನ್ಯಾಗ ಏನೈತಿ ಅಂತ ನನಗ ಹ್ಯಾಂಗ ತಿಳೀಬೇಕು?"

ಆ ಚೆಂಡು ನನ್ನದೇ. ನಾನು ಬಲಗೈ ಆಟಗಾರ, ಎಡಭಾಗದಲ್ಲಿ ನಿಂತಿದ್ದೆ. ಮಧ್ಯಕ್ಕೆ ಬಂದ ಚೆಂಡು ನನ್ನ ಫೋರ್‌ಹ್ಯಾಂಡಿಗೆ ಸಿಗುತ್ತದೆ, ಅವನಿಗೆ ಬ್ಯಾಕ್‌ಹ್ಯಾಂಡಿಗೆ. ಗೊತ್ತಿದ್ದೂ ಬಾಯಿ ಬರಲಿಲ್ಲ. ಅದಕ್ಕೆ ಹಿಂದಿನ ಹನ್ನೆರಡು ವರ್ಷ ಕಾರಣ.

ನಾನು ಮೈಸೂರಿನವನು. ಮೈಸೂರಿನ ಪ್ರಹ್ಲಾದ್ ಶ್ರೀನಾಥ್ ಡೇವಿಸ್ ಕಪ್ ಆಡಿದವರು ಎಂಬ ಹೆಮ್ಮೆಯಲ್ಲೇ ನಮ್ಮ ಓರಗೆಯ ಹುಡುಗರು ರ‍್ಯಾಕೆಟ್ ಹಿಡಿದೆವು. ಅಪ್ಪನಿಗೂ ನನಗೂ ಟೆನಿಸ್ ಅಂದರೆ ಸಿಂಗಲ್ಸ್ ಮಾತ್ರ. ಸಿಂಗಲ್ಸ್ ಕಲಿಸುವ ಮೊದಲ ಶಿಸ್ತು ಮೌನ. ಆಗ ಪಂದ್ಯದ ನಡುವೆ ಕೋಚ್ ಒಂದು ಸನ್ನೆ ಮಾಡುವಂತೆಯೂ ಇರಲಿಲ್ಲ. ಯೋಚನೆ, ಭಯ, ಸಿಟ್ಟು ಎಲ್ಲವನ್ನೂ ಒಳಗೇ ನುಂಗಿಕೊಂಡು ಆಡಬೇಕು. ಅದರಲ್ಲಿ ನಾನು ಪಳಗಿದ್ದೆ.

ದುಡ್ಡಿನ ಮಾತು ಹೇಳಲೇಬೇಕು, ಏಕೆಂದರೆ ಮನೆಗಳಲ್ಲಿ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆಗ ಹತ್ತು ಸಾವಿರ ಡಾಲರ್ ಬಹುಮಾನದ ಫ್ಯೂಚರ್ಸ್ ಟೂರ್ನಿಯಲ್ಲಿ, ಮೊದಲ ಸುತ್ತಿನಲ್ಲೇ ಸೋತವನಿಗೆ ಸಿಗುತ್ತಿದ್ದುದು 117 ಡಾಲರ್ 50 ಸೆಂಟ್. ತೆರಿಗೆ ಕಳೆಯುವ ಮುಂಚಿನ ಲೆಕ್ಕ ಇದು. ರೈಲಿನ ಟಿಕೆಟ್, ಲಾಡ್ಜ್, ಊಟ, ರ‍್ಯಾಕೆಟ್ಟಿಗೆ ತಂತಿ ಕಟ್ಟಿಸುವ ಗಟ್ಟಿಂಗ್ ಎಲ್ಲವೂ ಅದರಲ್ಲೇ ಆಗಬೇಕು. ಅಪ್ಪ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದರು. ಎಡಗಡೆ ಖರ್ಚು, ಬಲಗಡೆ ಬಹುಮಾನ. ಎಡಗಡೆ ಪುಟ ತುಂಬಿ ತಿರುವಿದರೂ ಬಲಗಡೆ ಎರಡೋ ಮೂರೋ ಸಾಲು. ಅವರು ಆ ಪುಸ್ತಕವನ್ನು ನನ್ನೆದುರು ತೆರೆದದ್ದು ಒಮ್ಮೆಯೂ ಇಲ್ಲ. ಅವರು ಹೋದ ಮೇಲೆ ಬೀರುವಿನಲ್ಲಿ ಸಿಕ್ಕಿತು.

ಸೊಂಟದ ನೋವು ಶುರುವಾದಾಗ ಡಬಲ್ಸ್ ಕಡೆ ತಿರುಗಿದೆ. ಅದಕ್ಕೆ ಮೊದಲೂ ಆಡಿದ್ದೆ, ಆದರೆ ಆಡಿದ್ದ ರೀತಿಗೆ ಈಗಲೂ ಬೇಸರವಾಗುತ್ತದೆ. ಹಿಂದಿನ ದಿನ ಹೆಸರು ಬರೆಸುವ ಮೇಜಿನ ಹತ್ತಿರ ಯಾರು ಖಾಲಿ ನಿಂತಿದ್ದಾರೋ ಅವರ ಜೊತೆ ಸೇರುವುದು. ಇಬ್ಬರ ರ‍್ಯಾಂಕಿಂಗ್ ಕೂಡಿಸಿ ಬರುವ ಅಂಕಿಯ ಮೇಲೆ ಪ್ರವೇಶ ಸಿಗುತ್ತದೆ, ಸಿಕ್ಕರೆ ಆಡುವುದು. ಜೊತೆಗಾರನ ಸೆಕೆಂಡ್ ಸರ್ವ್ ಹೇಗಿದೆ ಎಂಬುದೂ ಗೊತ್ತಿರುತ್ತಿರಲಿಲ್ಲ. ಸಿಂಗಲ್ಸ್ ಸೋತು ಸಿಟ್ಟು ಬಂದಿದ್ದರೆ ಅದನ್ನು ಅಲ್ಲಿ ಹೊಡೆದು ತೀರಿಸುವುದು.

ಹುಬ್ಬಳ್ಳಿಯವನು ಅದನ್ನೆಲ್ಲ ಬಿಡಿಸಿದ. ಕೋರ್ಟ್ 27 ಅಡಿಯಿಂದ 36 ಅಡಿಗೆ ಅಗಲವಾಗುತ್ತದೆ ಅಷ್ಟೇ ಅಂದುಕೊಂಡಿದ್ದೆ. ಆಟವೇ ಬೇರೆ ಎಂದು ತಿಳಿದದ್ದು ಅವನ ಜೊತೆ. ಸಿಂಗಲ್ಸ್‌ನಲ್ಲಿ ರಿಟರ್ನ್ ಆಳಕ್ಕೆ ಹೋದರೆ ಒಳ್ಳೆಯದು. ಇಲ್ಲಿ ಅದು ನೆಟ್‌ಗಿಂತ ಸ್ವಲ್ಪವೇ ಮೇಲೆ ಹೋಗಿ, ಮುನ್ನುಗ್ಗಿ ಬರುವವನ ಪಾದದ ಹತ್ತಿರ ಬೀಳಬೇಕು. ಒಂದಡಿ ಎತ್ತರ ಹೋದರೂ ನೆಟ್‌ನಲ್ಲಿ ನಿಂತವನು ಮುಗಿಸಿಬಿಡುತ್ತಾನೆ. 40-40 ಆದರೆ ಡ್ಯೂಸ್ ಇಲ್ಲ, ಒಂದೇ ಪಾಯಿಂಟ್. ಯಾವ ಕಡೆಯಿಂದ ಆಡಬೇಕೆಂದು ರಿಟರ್ನ್ ಮಾಡುವವರೇ ಆರಿಸಿಕೊಳ್ಳುತ್ತಾರೆ.

ನಾನು ಸರ್ವ್ ಮಾಡುವಾಗ ಅವನು ನೆಟ್ ಹತ್ತಿರ ಬಗ್ಗಿ ನಿಂತು ಬೆನ್ನ ಹಿಂದೆ ಕೈ ಇಡುತ್ತಿದ್ದ. ಮುಷ್ಟಿ ಕಟ್ಟಿದರೆ ನಿಂತಲ್ಲೇ ಇರುತ್ತೇನೆ, ಅಂಗೈ ಬಿಚ್ಚಿದರೆ ಅಡ್ಡ ನುಗ್ಗುತ್ತೇನೆ ಎಂದರ್ಥ. ಅಂಗೈ ಬಿಚ್ಚಿದಾಗ ಅವನು ಬಿಟ್ಟುಬಂದ ಜಾಗಕ್ಕೆ ನಾನು ಓಡಲೇಬೇಕು. ಅವನ ಬಲಗಿವಿಯ ಹಿಂದೆ ಬೆವರು ಇಳಿಯುವುದನ್ನೂ, ಆ ಐದು ಬೆರಳು ನಿಧಾನ ಬಿಚ್ಚಿಕೊಳ್ಳುವುದನ್ನೂ ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. "ಹ್ಞೂಂ" ಎಂದು ಗಟ್ಟಿಯಾಗಿ ಹೇಳಿ ಆಮೇಲೆ ಚೆಂಡು ಎಸೆಯುತ್ತಿದ್ದೆ. ಆ ವರ್ಷ ನಾವು ಸೋತ ಪಂದ್ಯಗಳಿಗಿಂತ ಗೆದ್ದವೇ ಹೆಚ್ಚು.

ಆಮೇಲೆ ತಪ್ಪು ಮಾಡಿದೆ. ಮೇಲಿನ ರ‍್ಯಾಂಕಿಂಗ್ ಇದ್ದ ಆಟಗಾರನೊಬ್ಬ ಕರೆದ. ಅವನ ಜೊತೆ ಹೋದರೆ ಫ್ಯೂಚರ್ಸ್‌ಗಿಂತ ಮೇಲಿನ ಚಾಲೆಂಜರ್ ಟೂರ್ನಿಗಳಿಗೆ ಪ್ರವೇಶ ಸಿಗುತ್ತಿತ್ತು. ಹುಬ್ಬಳ್ಳಿಯವನಿಗೆ ಹೇಳದೆ ಹೆಸರು ಬರೆಸಿಬಿಟ್ಟೆ. ಪಟ್ಟಿ ನೋಡಿ ಅವನಿಗೆ ತಿಳಿಯಿತು. ಜೊತೆ ಬದಲಿಸುವುದು ಈ ವೃತ್ತಿಯಲ್ಲಿ ತಪ್ಪಲ್ಲ, ಎಲ್ಲರೂ ಬದಲಿಸುತ್ತಾರೆ. ಹೇಳದೆ ಹೋದದ್ದು ತಪ್ಪು. ಮಂಡ್ಯದ ಮಧ್ಯದ ಚೆಂಡಿನ ಹಾಗೆ ಅದನ್ನೂ ಬಾಯಿ ಬಿಡದೆ ಬಿಟ್ಟೆ. ಹೊಸ ಜೊತೆ ನಾಲ್ಕು ತಿಂಗಳಲ್ಲಿ ಮುರಿಯಿತು. ಹುಬ್ಬಳ್ಳಿಯವನಿಗೆ ಫೋನ್ ಮಾಡಿ ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು.

2024ರ ಜನವರಿಯಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲನ್ನು ನಾವಿಬ್ಬರೂ ಹುಬ್ಬಳ್ಳಿಯ ಅವನ ಮನೆಯಲ್ಲಿ ಕೂತು ನೋಡಿದೆವು. ಕೊಡಗಿನ ರೋಹನ್ ಬೋಪಣ್ಣ, ಮ್ಯಾಥ್ಯೂ ಎಬ್ಡೆನ್ ಜೊತೆ, ಬೊಲೆಲ್ಲಿ-ವವಸ್ಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿದರು. 43ನೇ ವಯಸ್ಸಿನಲ್ಲಿ ಪುರುಷರ ಡಬಲ್ಸ್‌ನ ಮೊದಲ ಗ್ರ್ಯಾಂಡ್ ಸ್ಲಾಮ್, ಅದರ ಬೆನ್ನಿಗೇ ವಿಶ್ವದ ನಂಬರ್ 1 ಸ್ಥಾನ. 2010ರ ಅಮೆರಿಕ ಓಪನ್ ಫೈನಲ್‌ನಲ್ಲಿ ಐಸಾಮ್ ಖುರೇಷಿ ಜೊತೆ ಬ್ರಯಾನ್ ಸಹೋದರರಿಗೆ ಸೋತು ಹದಿಮೂರು ವರ್ಷ ಕಳೆದಿತ್ತು. ನಾನು ನೋಡುತ್ತಿದ್ದುದು ಹೊಡೆತಗಳನ್ನಲ್ಲ. ಪ್ರತಿ ಪಾಯಿಂಟಿನ ನಡುವೆ ಇಬ್ಬರೂ ಹತ್ತಿರ ಬಂದು ಮಾತಾಡುತ್ತಿದ್ದರು, ಗೆದ್ದಾಗಲೂ ಸೋತಾಗಲೂ. ನನ್ನ ಗೆಳೆಯ ಏನೂ ಅನ್ನದೆ ನನ್ನ ತೊಡೆ ತಟ್ಟಿದ.

ಈಗ ಮಕ್ಕಳಿಗೆ ಕಲಿಸುತ್ತೇನೆ. ಡಬಲ್ಸ್ ಆಡಿದರೆ ಸಿಂಗಲ್ಸ್‌ಗೆ ಸುಸ್ತಾಗುತ್ತದೆ ಎಂದು ತಂದೆತಾಯಂದಿರು ಹೆಸರು ತೆಗೆಸುವುದನ್ನು ವಾರ ವಾರವೂ ನೋಡುತ್ತೇನೆ. ದಯವಿಟ್ಟು ತೆಗೆಸಬೇಡಿ. ಹನ್ನೆರಡು ವರ್ಷದೊಳಗಿನ ಪಂದ್ಯಗಳಿಂದಲೇ ಎರಡಕ್ಕೂ ಹೆಸರು ಬರೆಸಿ. ಒಂದು ವರ್ಷವಾದರೂ ಒಬ್ಬನೇ ಜೊತೆಗಾರ ಇರಲಿ. ಬಿಡುವ ದಿನ ಬಂದರೆ ಮಗುವಿನಿಂದಲೇ ಅವನಿಗೆ ಹೇಳಿಸಿ. ಇನ್ನೊಂದು ಮಾತು, ಮನೆಯ ಲೆಕ್ಕದ ಪುಸ್ತಕವನ್ನು ಹದಿನಾರು ದಾಟಿದ ಮಕ್ಕಳ ಮುಂದೆ ತೆರೆದಿಡಿ.